ಕಮ್ಯುನಿಟಿ ಕಾಲೇಜಿಗೆ ನಿಜವಾಗಿ ಕೈಯಿಂದ ಎಷ್ಟು ಹೋಗುತ್ತದೆ? ಏಡ್ (ಓದಿಗೆ ಸಿಗುವ ಹಣದ ನೆರವು) ಕಳೆದು ಲೆಕ್ಕ ಹಾಕುವ ಕ್ರಮ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷ ಓದಿ ಯುನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದಾದ ಸರ್ಕಾರಿ ಕಾಲೇಜಿನಲ್ಲಿ, ಒಂದು ಯೂನಿಟ್‌ಗೆ (ಕ್ಲಾಸಿನ ಗಾತ್ರದ ಅಳತೆ) 46 ಡಾಲರ್. 2012ರಿಂದ ಇದೇ ದರ. ವರ್ಷಕ್ಕೆ 30 ಯೂನಿಟ್ ತೆಗೆದುಕೊಂಡರೆ 1,380 ಡಾಲರ್ ಆಯಿತು. ಡಿ ಆಂಜಾ, ಫುಟ್‌ಹಿಲ್ ಥರ ಸೆಮಿಸ್ಟರ್ ಬದಲು ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ ಯೂನಿಟ್‌ಗೆ 31 ಡಾಲರ್, ವರ್ಷಕ್ಕೆ 45 ಯೂನಿಟ್, ಅಲ್ಲಿಗೂ ಹೆಚ್ಚುಕಡಿಮೆ ಅಷ್ಟೇ. ಈ ಅಂಕಿ ಕೇಳಿದ ತಕ್ಷಣ ನಮ್ಮವರ ಬಾಯಲ್ಲಿ ಎರಡು ಮಾತು ಬರುತ್ತವೆ. ಒಂದು, "ಇಷ್ಟೇನಾ? ಹಾಗಾದ್ರೆ ಏಡ್ ಫಾರಂ ಎಲ್ಲ ಯಾಕೆ ಸುಮ್ನೆ". ಇನ್ನೊಂದು, "ಇಷ್ಟು ಅಗ್ಗ ಅಂದ್ರೆ ಓದೂ ಅಷ್ಟಕ್ಕಷ್ಟೇ". ಮೊದಲನೆಯ ಮಾತಿನಿಂದ ಸಿಗಬೇಕಾದ ದುಡ್ಡು ಕೈತಪ್ಪುತ್ತದೆ. ಎರಡನೆಯದರಿಂದ ಕನ್ನಡ ಕೂಟದಲ್ಲಿ ಯಾರೋ "ಮಗ ಎಲ್ಲಿ ಓದ್ತಾ ಇದ್ದಾನೆ" ಅಂತ ಕೇಳುತ್ತಾರೆ ಅನ್ನೋ ಒಂದೇ ಸಂಕೋಚಕ್ಕೆ, ವರ್ಷಕ್ಕೆ 40,000 ಡಾಲರ್ ದಾಟುವ ಯುಸಿ (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ ವಾಸಕ್ಕೆ ಮೊದಲ ವರ್ಷದಿಂದಲೇ ಸಾಲ ಮಾಡುವುದು ನಡೆಯುತ್ತದೆ.

ಫೀಸು ಇಲ್ಲಿ ಚಿಕ್ಕ ಖರ್ಚು. ಊಟ, ಕಾರು, ಪುಸ್ತಕ, ಮತ್ತೆ ಎಲ್ಲಕ್ಕಿಂತ ಜಾಸ್ತಿ ಎಷ್ಟು ವರ್ಷ ಹಿಡಿಯುತ್ತದೆ ಅನ್ನುವುದು, ಇವೇ ನಿಜವಾದ ಲೆಕ್ಕ. ನಾನು ಕ್ಯಾಲಿಫೋರ್ನಿಯಾ ಹಿಡಿದುಕೊಂಡೇ ಹೇಳುತ್ತೇನೆ. ಟೆಕ್ಸಾಸ್, ಇಲಿನಾಯ್ ಕಡೆ ಇರುವವರು ದರ ಮಾತ್ರ ಬದಲಿಸಿಕೊಳ್ಳಿ. ಅಲ್ಲಿ ನಿಮ್ಮ ಮನೆ ಕಾಲೇಜಿನ ಡಿಸ್ಟ್ರಿಕ್ಟ್ ಒಳಗಿದೆಯಾ ಹೊರಗಿದೆಯಾ ಅನ್ನುವುದರ ಮೇಲೆ ಫೀಸು ಬದಲಾಗುತ್ತದೆ, ಮನೆ ಬಾಡಿಗೆಗೆ ಹಿಡಿಯುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಇಡೀ ದೇಶದ ಸರಾಸರಿ ನೋಡಿದರೆ ಕಾಲೇಜ್ ಬೋರ್ಡ್ ಲೆಕ್ಕದಲ್ಲಿ 2024-25ರಲ್ಲಿ ಡಿಸ್ಟ್ರಿಕ್ಟ್ ಒಳಗಿನವರಿಗೆ ವರ್ಷಕ್ಕೆ 4,050 ಡಾಲರ್ ಫೀಸು ಇತ್ತು.

ಮೊದಲು ವೀಸಾ, ಆಮೇಲೆ ಕ್ಯಾಲ್ಕುಲೇಟರ್

ನಮ್ಮ ಮನೆಗಳಲ್ಲಿ ಲೆಕ್ಕ ಶುರುವಾಗುವುದೇ ಇಲ್ಲಿಂದ. ಒಂದೇ ಮನೆಯಲ್ಲಿ ಅಪ್ಪ ಎಚ್-1ಬಿ (ಕೆಲಸದ ವೀಸಾ), ಅಮ್ಮ ಎಚ್-4 (ಅವಲಂಬಿತರ ವೀಸಾ), ದೊಡ್ಡ ಮಗಳು ಬೆಂಗಳೂರಿನಲ್ಲಿ ಹುಟ್ಟಿದ್ದು ಎಚ್-4, ಚಿಕ್ಕ ಮಗ ಇಲ್ಲೇ ಹುಟ್ಟಿದ್ದು ಸಿಟಿಜನ್. ಇಬ್ಬರು ಮಕ್ಕಳಿಗೂ ಬೇರೆ ಬೇರೆ ಲೆಕ್ಕ.

ಚಿಕ್ಕವನು ಸಿಟಿಜನ್ ಆದ್ದರಿಂದ ಫೆಡರಲ್ ಏಡ್‌ಗೆ ಅರ್ಹ. ಅಪ್ಪ ಅಮ್ಮನ ವೀಸಾ ಯಾವುದು ಅನ್ನುವುದು ಅಡ್ಡಿ ಬರುವುದಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, "ನಮಗೆ ಗ್ರೀನ್ ಕಾರ್ಡ್ ಬಂದಿಲ್ಲ, ಅದಕ್ಕೇ ಫಾರಂ ಹಾಕಿಲ್ಲ" ಅಂತ ಆರಾಮಾಗಿ ಹೇಳುತ್ತಾರೆ. ಅಪ್ಪ ಅಮ್ಮ ಸೇರಿ ಜಾಯಿಂಟ್ ಆಗಿ ತೆರಿಗೆ ಕಟ್ಟುತ್ತಿದ್ದರೆ ಫಾರಂಗೆ ಒಬ್ಬರು ಸಹಿ ಮಾಡಿದರೆ ಸಾಕು. ಬೇರೆ ಬೇರೆ ಕಟ್ಟುತ್ತಿದ್ದು, ಅಮ್ಮನಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಈಗ ಫಾರಂ ಸಹಿ ಮಾಡಲು ಅವರ ಹೆಸರಲ್ಲಿ ಅಕೌಂಟ್ ಮಾಡಲು ಆಗುತ್ತದೆ.

ದೊಡ್ಡವಳಿಗೆ ಎಚ್-4 ಇರುವಷ್ಟು ದಿನ ಫೆಡರಲ್ ಏಡ್ ಇಲ್ಲ. ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಯವರಿಗೆ ಫೆಡರಲ್ ಸರ್ಕಾರ ಕೊಡುವ, ವಾಪಸ್ ಕೊಡಬೇಕಾಗಿಲ್ಲದ ದುಡ್ಡು) ಇಲ್ಲ, ಫೆಡರಲ್ ಸಾಲವೂ ಇಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎಚ್-4 ಇರುವವರು ರೆಸಿಡೆಂಟ್ ಆಗಬಹುದು. ರಾಜ್ಯದಲ್ಲಿ ಒಂದು ವರ್ಷಕ್ಕೂ ಮೇಲೆ ಇದ್ದು, ಇಲ್ಲೇ ಮನೆ ಮಾಡಿಕೊಂಡಿದ್ದೇವೆ ಅಂತ ದಾಖಲೆ ತೋರಿಸಿದರೆ 46 ಡಾಲರ್ ದರವೇ ಸಿಗುತ್ತದೆ. ಇಲ್ಲದಿದ್ದರೆ ಹೊರಗಿನವರ ದರ, ಅದು ಯೂನಿಟ್‌ಗೆ 300 ಡಾಲರ್‌ಗೂ ಮೇಲೆ. ಇಪ್ಪತ್ತೊಂದು ತುಂಬಿದಾಗ ಎಚ್-4 ಮುಗಿಯುತ್ತದೆ, ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ, ಆಗ ಫೀಸಿನ ದರವೂ ಬದಲಾಗಬಹುದು. ಹಾಗಾಗಿ ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ "ಒಂದು ವರ್ಷ ಲೇಟ್ ಆದ್ರೆ ಏನು" ಅನ್ನುವ ಮಾತು ಆಡಬೇಡಿ.

ಕರ್ನಾಟಕದಿಂದ ನೇರವಾಗಿ ಎಫ್-1 ಮೇಲೆ ಕಮ್ಯುನಿಟಿ ಕಾಲೇಜಿಗೆ ಬರುವ ಯೋಚನೆ ಇದ್ದರೆ, ಏಜೆಂಟರು ತೋರಿಸುವ ಅಗ್ಗದ ದರ ನಿಮ್ಮದಲ್ಲ. 30 ಯೂನಿಟ್‌ಗೆ 9,000 ಡಾಲರ್‌ಗೂ ಮೇಲೆ, ಬಾಡಿಗೆ, ಊಟ, ಇನ್ಶೂರೆನ್ಸ್ ಬೇರೆ. ಮೊದಲ ವರ್ಷ ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಹಾಗಿಲ್ಲ. ಯುನಿವರ್ಸಿಟಿಗಿಂತ ಕಡಿಮೆ ಹೌದು, ಅಗ್ಗ ಅಲ್ಲ.

ಖರ್ಚಿನ ಪಟ್ಟಿಯನ್ನು ನೀವೇ ಬರೆಯಿರಿ

ಪ್ರತಿ ಕಾಲೇಜೂ ಒಂದು ಒಟ್ಟು ಖರ್ಚಿನ ಅಂದಾಜು ಕೊಡುತ್ತದೆ. ಕಾಸ್ಟ್ ಆಫ್ ಅಟೆಂಡೆನ್ಸ್ ಅಂತ ಕರೆಯುತ್ತಾರೆ. ಅದರಲ್ಲಿ ಫೀಸು, ಪುಸ್ತಕ, ವಸತಿ, ಊಟ, ಓಡಾಟ, ಕೈಖರ್ಚು ಎಲ್ಲ ಸೇರಿರುತ್ತದೆ. ಅಪ್ಪ ಅಮ್ಮನ ಜೊತೆ ಇರುವವರಿಗೆ ಒಂದು ಅಂಕಿ, ಹೊರಗೆ ಬಾಡಿಗೆ ಇರುವವರಿಗೆ ಇನ್ನೊಂದು. ಅದನ್ನು ನೋಡಿ ಹೆದರಬೇಡಿ, ಯಾಕೆಂದರೆ ಅದು ಬಿಲ್ ಅಲ್ಲ, ಏಡ್ ಎಷ್ಟರವರೆಗೆ ಕೊಡಬಹುದು ಅನ್ನುವ ಮಿತಿ. ನಿಮ್ಮ ಮನೆಗೆ ನಿಜವಾಗಿ ಹೊಸದಾಗಿ ಬೀಳುವ ಖರ್ಚು ಯಾವುದು ಅಂತ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯಿರಿ. ಮಗಳು ಹೈಸ್ಕೂಲಿನಲ್ಲಿದ್ದಾಗಲೂ ಮನೆಯಲ್ಲೇ ಊಟ ಮಾಡುತ್ತಿದ್ದಳು, ಅದು ಹೊಸ ಖರ್ಚಲ್ಲ. ಕಾರು ಹೊಸ ಖರ್ಚು. ಹದಿನೆಂಟರ ಹುಡುಗನನ್ನು ಇನ್ಶೂರೆನ್ಸ್‌ಗೆ ಸೇರಿಸಿದರೆ ಪ್ರೀಮಿಯಂ ಒಂದೇ ಕಾಲೇಜಿನ ವರ್ಷದ ಫೀಸನ್ನು ದಾಟಬಹುದು. ಅದಕ್ಕೇ ಕಾರು ಕೊಳ್ಳುವ ಮೊದಲು ಕಾಲೇಜಿನ ಫೀಸಿನಲ್ಲೇ ಬಸ್ ಪಾಸ್ ಸೇರಿದೆಯಾ ನೋಡಿ, ಹಲವು ಕಡೆ ಇರುತ್ತದೆ.

ಪುಸ್ತಕದ ವಿಷಯಕ್ಕೆ ಬಂದರೆ, ಕ್ಲಾಸ್ ಆಯ್ಕೆ ಮಾಡುವಾಗಲೇ ಉಳಿತಾಯ ಇದೆ. ಕ್ಯಾಲಿಫೋರ್ನಿಯಾದ ಕಾಲೇಜುಗಳ ವೇಳಾಪಟ್ಟಿಯಲ್ಲಿ ಪುಸ್ತಕದ ಖರ್ಚು ಸೊನ್ನೆ ಇರುವ ಕ್ಲಾಸುಗಳಿಗೆ ಗುರುತು ಹಾಕಿರುತ್ತಾರೆ. ಅದೇ ಕೋರ್ಸ್, ಬೇರೆ ಪ್ರೊಫೆಸರ್, ಒಬ್ಬರು 150 ಡಾಲರ್ ಆನ್‌ಲೈನ್ ಕೋಡ್ ಕೇಳುತ್ತಾರೆ, ಇನ್ನೊಬ್ಬರು ಓಪನ್‌ಸ್ಟ್ಯಾಕ್ಸ್ ಪುಸ್ತಕ ಬಳಸುತ್ತಾರೆ, ಅದು ಬಿಟ್ಟಿ. ಹಳೇ ಪುಸ್ತಕ ಕೊಳ್ಳಬಹುದು, ಆದರೆ ಆನ್‌ಲೈನ್ ಕೋಡ್ ಹಳೇದು ಸಿಗುವುದಿಲ್ಲ, ಅದು ನೆನಪಿರಲಿ. ಇದರ ಜೊತೆಗೆ ಹೆಲ್ತ್ ಫೀ ಸೆಮಿಸ್ಟರ್‌ಗೆ 20-30 ಡಾಲರ್, ವಿದ್ಯಾರ್ಥಿ ಪ್ರಾತಿನಿಧ್ಯದ 2 ಡಾಲರ್, ಪಾರ್ಕಿಂಗ್. ಚಿಲ್ಲರೆ ವಿಷಯ, ಮುಂದೆ ಹೋಗೋಣ.

ಏಡ್ ಅಂತ ಯಾವುದನ್ನು ಕಳೆಯಬೇಕು

ವಾಪಸ್ ಕೊಡಬೇಕಾಗಿಲ್ಲದ ದುಡ್ಡನ್ನು ಮಾತ್ರ ಕಳೆಯಿರಿ. ಗ್ರಾಂಟ್, ಸ್ಕಾಲರ್‌ಶಿಪ್, ಫೀಸು ಮನ್ನಾ. ಕಾಲೇಜು ಕಳಿಸುವ ಏಡ್ ಪತ್ರದಲ್ಲಿ ಸಾಲವನ್ನೂ ವರ್ಕ್-ಸ್ಟಡಿಯನ್ನೂ ಅದೇ ಸಾಲಿನಲ್ಲಿ ಹಾಕಿ ಕೆಳಗೆ ಒಟ್ಟು ತೋರಿಸಿರುತ್ತಾರೆ. ಮೊದಲ ವರ್ಷದ ಡಿಪೆಂಡೆಂಟ್ (ಅಪ್ಪ ಅಮ್ಮನ ಆಶ್ರಯದಲ್ಲಿರುವ) ವಿದ್ಯಾರ್ಥಿಗೆ 5,500 ಡಾಲರ್‌ವರೆಗೆ ಫೆಡರಲ್ ಸಾಲ ಸಿಗುತ್ತದೆ, ಅದು ಪತ್ರದಲ್ಲಿ ಬಂದಿದೆ ಅಂತ ಖುಷಿಪಟ್ಟು ಕಳೆದುಬಿಟ್ಟರೆ ಖರ್ಚು ಸೊನ್ನೆ ಅನ್ನಿಸುತ್ತದೆ. ವರ್ಕ್-ಸ್ಟಡಿ ಅಂದರೆ ಕೆಲಸ ಮಾಡಿದ ಮೇಲೆ ಬರುವ ಸಂಬಳ. ಮಗ ಕೆಲಸ ಹುಡುಕದಿದ್ದರೆ ಅದು ಕಾಗದದ ಮೇಲೇ ಉಳಿಯುತ್ತದೆ.

ಬಹುತೇಕ ಎಲ್ಲಕ್ಕೂ ಬಾಗಿಲು ಒಂದೇ, ಫೆಡರಲ್ ಏಡ್‌ನ ಅರ್ಜಿಯಾದ ಫ್ಯಾಫ್ಸಾ ಫಾರಂ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಬಿಟ್ಟಿ, ಇದನ್ನು ತುಂಬಿಕೊಡುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಎರಡು ವರ್ಷ ಹಿಂದಿನ ತೆರಿಗೆಯ ಮೇಲೆ ನೋಡುತ್ತಾರೆ, ಅಂದರೆ 2026-27ಕ್ಕೆ 2024ರ ಆದಾಯ. ಅದರಿಂದ ಎಸ್‌ಎಐ ಅನ್ನುವ ಒಂದು ಸಂಖ್ಯೆ ಬರುತ್ತದೆ, ಅದು ಕಡಿಮೆ ಇದ್ದಷ್ಟೂ ಏಡ್ ಜಾಸ್ತಿ. ಮೊದಲು ಮನೆಯಲ್ಲಿ ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದರೆ ರಿಯಾಯಿತಿ ಸಿಗುತ್ತಿತ್ತು, 2024-25ರಿಂದ ಅದು ಹೋಯಿತು.

ಪೆಲ್ ಗ್ರಾಂಟ್ ವರ್ಷಕ್ಕೆ ಗರಿಷ್ಠ 7,395 ಡಾಲರ್. ಅಪ್ಪ ಅಮ್ಮ ಇಬ್ಬರೂ ಇರುವ ಮನೆಯ ಆದಾಯ ಬಡತನ ರೇಖೆಯ ಶೇ. 175ರ ಒಳಗಿದ್ದರೆ ಪೂರ್ತಿ ಸಿಗುತ್ತದೆ, ಒಬ್ಬರೇ ಸಾಕುತ್ತಿದ್ದರೆ ಶೇ. 225. ರಾಜ್ಯದ ಕಡೆಯಿಂದ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಇದೆ, ಅದು ಆ 46 ಡಾಲರನ್ನು ಮನ್ನಾ ಮಾಡುತ್ತದೆ. ಅದರ ಮೇಲೆ ರಾಜ್ಯದ್ದೇ ಇನ್ನೊಂದು, ಕ್ಯಾಲ್ ಗ್ರಾಂಟ್.

ಈಗ ಹೇಳುವುದನ್ನು ಗಮನವಿಟ್ಟು ಓದಿ. ಕ್ಯಾಲ್ ಗ್ರಾಂಟ್‌ನಲ್ಲಿ ಬಿ ಅಥವಾ ಸಿ ಬಗೆಯದು ಸಿಕ್ಕ ಮಕ್ಕಳಿಗೆ ಸ್ಟೂಡೆಂಟ್ ಸಕ್ಸೆಸ್ ಕಂಪ್ಲೀಷನ್ ಗ್ರಾಂಟ್ ಅಂತ ಇನ್ನೊಂದು ಬರುತ್ತದೆ. ಸೆಮಿಸ್ಟರ್‌ಗೆ 12ರಿಂದ 14 ಯೂನಿಟ್ ಓದಿದರೆ 1,298 ಡಾಲರ್‌ವರೆಗೆ, 15 ಅಥವಾ ಜಾಸ್ತಿ ಓದಿದರೆ 4,000 ಡಾಲರ್‌ವರೆಗೆ. ಒಂದೇ ಒಂದು 3 ಯೂನಿಟ್ ಕ್ಲಾಸ್ ಬಿಟ್ಟರೆ 2,702 ಡಾಲರ್ ಹೋಗಬಹುದು. "ಭಾರ ಜಾಸ್ತಿ ಆಯ್ತು, ಒಂದು ಬಿಟ್ಟುಬಿಡು" ಅಂತ ಮನೆಯವರೇ ಹೇಳುವ ಸಂದರ್ಭ ಬರುತ್ತದೆ, ಆಗ ಈ ಅಂಕಿ ಗೊತ್ತಿದ್ದು ಹೇಳಿದರೆ ಸರಿ. ಪೆಲ್ ಕೂಡ ಯೂನಿಟ್ ಲೆಕ್ಕದಲ್ಲೇ ಇಳಿಯುತ್ತದೆ, 12 ಓದಿದರೆ ಪೂರ್ತಿ, 11 ಓದಿದರೆ ಶೇ. 92, 7 ಓದಿದರೆ ಶೇ. 58.

ಇನ್ನು ಆದಾಯ ಚೆನ್ನಾಗಿರುವವರಿಗೆ. ಮೊದಲ ಸಲ ಕಾಲೇಜಿಗೆ ಸೇರಿ ಫುಲ್‌ಟೈಮ್ ಓದುವವರಿಗೆ ಎರಡು ವರ್ಷ ಫೀಸು ಮನ್ನಾ ಮಾಡುವ ಪ್ರಾಮಿಸ್ ಯೋಜನೆ ಹಲವು ಕಾಲೇಜುಗಳಲ್ಲಿದೆ, ಆದಾಯ ನೋಡದೆಯೂ ಕೊಡಬಹುದು, ಷರತ್ತು ಕಾಲೇಜಿಗೆ ಬಿಟ್ಟದ್ದು. ಹೆಸರು ಹೆಚ್ಚುಕಡಿಮೆ ಒಂದೇ ಇರುವುದರಿಂದ ಮೇಲಿನ ಪ್ರಾಮಿಸ್ ಗ್ರಾಂಟ್ ಜೊತೆ ಕಲಸಿಕೊಳ್ಳಬೇಡಿ, ಎರಡೂ ಬೇರೆ. ಇದಕ್ಕೂ ಫ್ಯಾಫ್ಸಾ ತುಂಬಿರಬೇಕು. ಅದಕ್ಕೇ ಎರಡೂವರೆ ಲಕ್ಷ ಡಾಲರ್ ಸಂಬಳದ ಮನೆಯೂ ಫಾರಂ ಹಾಕಬೇಕು ಅಂತ ನಾನು ಹೇಳುವುದು.

ಊರಿನ ಸೈಟು

ಮೈಸೂರಿನ ಸೈಟು, ಬೆಂಗಳೂರಿನ ಬಾಡಿಗೆ ಫ್ಲ್ಯಾಟು, ಬ್ಯಾಂಕಿನ ಎಫ್‌ಡಿ. ಫ್ಯಾಫ್ಸಾದಲ್ಲಿ ಆಸ್ತಿಯ ಪ್ರಶ್ನೆಗೆ ಉತ್ತರಿಸಬೇಕಾದ ಮನೆಯಾದರೆ ಇವೆಲ್ಲವನ್ನೂ ತೋರಿಸಬೇಕು. ಫಾರಂನಲ್ಲಿ ಬಿಡುವುದು ನೀವು ವಾಸ ಇರುವ ಮನೆ ಮತ್ತು 401-ಕೆ ಥರದ ನಿವೃತ್ತಿ ಖಾತೆಗಳನ್ನು. ಆಸ್ತಿ ಅಮೆರಿಕದಲ್ಲಿದೆಯಾ ಚನ್ನರಾಯಪಟ್ಟಣದಲ್ಲಿದೆಯಾ ಅನ್ನುವುದು ಮುಖ್ಯ ಅಲ್ಲ. ಕುಟುಂಬ ವಾಸ ಇರುವ ಹೊಲಕ್ಕೆ 2026-27ರಿಂದ ವಿನಾಯಿತಿ ಬಂದಿದೆ, ಆದರೆ ನೀವು ಸನಿವೇಲ್‌ನಲ್ಲಿ ಕೂತು ಮೂಡಿಗೆರೆಯ ತೋಟಕ್ಕೆ ಅದನ್ನು ಕೇಳಲು ಆಗುವುದಿಲ್ಲ. ಫಾರಂ ಸಹಿ ಮಾಡುವ ದಿನದ ಬೆಲೆಯನ್ನು ಡಾಲರಿನಲ್ಲಿ ಬರೆಯಬೇಕು, ಅದರ ಮೇಲಿನ ಸಾಲ ಇದ್ದರೆ ಕಳೆದು. "ಅವರಿಗೆ ಹೇಗೆ ಗೊತ್ತಾಗುತ್ತೆ" ಅನ್ನುವವರು ಇದ್ದಾರೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತುಕೊಂಡು ಫೆಡರಲ್ ಫಾರಂನಲ್ಲಿ ಸುಳ್ಳು ಬರೆಯುವುದು ಎಂಥ ಬುದ್ಧಿ ಅಂತ ನನಗೆ ಅರ್ಥವಾಗುವುದಿಲ್ಲ.

ಅಷ್ಟಕ್ಕೂ ಭಯ ಇರುವಷ್ಟು ಪೆಟ್ಟು ಇಲ್ಲ. ಅಪ್ಪ ಅಮ್ಮನ ಆಸ್ತಿಯಿಂದ ಎಸ್‌ಎಐಗೆ ಸೇರುವುದು ಹೆಚ್ಚೆಂದರೆ ಶೇ. 5.64. ಮನೆಯ ಆದಾಯ 60,000 ಡಾಲರ್ ಒಳಗಿದ್ದು ತೆರಿಗೆ ಫಾರಂ ಸರಳವಾಗಿದ್ದರೆ ಆಸ್ತಿಯ ಪ್ರಶ್ನೆಯನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಊರಿನ ಫ್ಲ್ಯಾಟಿನ ಬಾಡಿಗೆ ತೆರಿಗೆಯಲ್ಲಿ ತೋರಿಸುತ್ತಿದ್ದರೆ ಆ ಫಾರಂ ಸರಳ ಅನ್ನಿಸಿಕೊಳ್ಳುವುದು ಕಷ್ಟ.

ಮೂರು ಮನೆಗಳ ಲೆಕ್ಕ

ಇವು ನಾನು ಕಟ್ಟಿದ ಉದಾಹರಣೆಗಳು, ನಿಮ್ಮ ಅಂಕಿ ಹಾಕಿಕೊಳ್ಳಿ. ಮೂರೂ ಮನೆಯ ಮಕ್ಕಳು ಸಿಟಿಜನ್‌ಗಳು, ಅಪ್ಪ ಅಮ್ಮನ ಜೊತೆಯೇ ಇದ್ದಾರೆ, ವರ್ಷಕ್ಕೆ 30 ಯೂನಿಟ್ ಓದುತ್ತಾರೆ.

ಒಂದು ಮನೆಯಲ್ಲಿ ಅಪ್ಪ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಪೂರ್ತಿ ಪೆಲ್ ಸಿಗುತ್ತದೆ. 1,380 ಡಾಲರ್ ಫೀಸು ಮನ್ನಾ. ಪುಸ್ತಕ 700, ಓಡಾಟ 2,000, ಲ್ಯಾಪ್‌ಟಾಪ್, ಫೋನು, ಕೈಖರ್ಚು 2,000, ಚಿಲ್ಲರೆ ಫೀಸು 80 ಅಂತ ಹಿಡಿದರೆ 4,780. ಪೆಲ್ 7,395. ಮಿಕ್ಕ 2,615 ಮಗಳ ಊಟಕ್ಕೆ, ಮನೆ ಬಾಡಿಗೆಗೆ ಕೈಗೂಡುತ್ತದೆ. ಕ್ಯಾಲ್ ಗ್ರಾಂಟ್ ಬಂದರೆ ಇನ್ನೂ ಹಗುರ. ಇಂಥ ಮನೆಯವರೇ "ಕಾಲೇಜು ನಮ್ಮಂಥವರಿಗಲ್ಲ" ಅಂತ ಮಗಳನ್ನು ಫುಲ್‌ಟೈಮ್ ಕೆಲಸಕ್ಕೆ ಹಾಕುವುದು ನೋಡಿದರೆ ಬೇಜಾರಾಗುತ್ತದೆ.

ಎರಡನೆಯ ಮನೆಯ ಆದಾಯ 1,20,000 ಡಾಲರ್. ಗ್ರಾಂಟ್ ಏನೂ ಇಲ್ಲ ಅಂತ ಇಟ್ಟುಕೊಳ್ಳಿ. 1,380 ಫೀಸು, 700 ಪುಸ್ತಕ, ಒಟ್ಟು 2,080 ಕೈಯಿಂದ ಕಟ್ಟುತ್ತಾರೆ. ಆದರೆ ತೆರಿಗೆ ಕಟ್ಟುವಾಗ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಇದೆ. ಮೊದಲ 2,000 ಡಾಲರ್ ಖರ್ಚಿಗೆ ಪೂರ್ತಿ, ಮುಂದಿನ 2,000ಕ್ಕೆ ಕಾಲು ಭಾಗ. ಇಲ್ಲಿ 2,000 ಮತ್ತು 20, ಒಟ್ಟು 2,020 ತೆರಿಗೆಯಲ್ಲಿ ಉಳಿಯಿತು. ಫೀಸು ಪುಸ್ತಕ ಎರಡೂ ಸೇರಿ ಕೈಯಿಂದ ಹೋದದ್ದು 60 ಡಾಲರ್! ಪುಸ್ತಕವನ್ನು ಹೊರಗೆ ಕೊಂಡರೂ ಲೆಕ್ಕಕ್ಕೆ ಬರುತ್ತದೆ, ರಸೀದಿ ಇಟ್ಟುಕೊಳ್ಳಿ, ಕಾಲೇಜು ಕಳಿಸುವ 1098-ಟಿ ಫಾರಂನಲ್ಲಿ ಅದು ಇರುವುದಿಲ್ಲ. ಹೆಲ್ತ್ ಫೀ, ಕಾರು, ಊಟ ಬರುವುದಿಲ್ಲ. 529 ಅನ್ನುವ ಓದಿನ ಉಳಿತಾಯ ಖಾತೆಯಿಂದ ಅದೇ ಪುಸ್ತಕ, ಅದೇ ಫೀಸು ಕಟ್ಟಿದರೆ ಅದಕ್ಕೆ ಈ ಕ್ರೆಡಿಟ್ ಸಿಗದು, ಎರಡು ಕಡೆ ಒಂದೇ ಖರ್ಚು ತೋರಿಸುವ ಹಾಗಿಲ್ಲ. ಜಾಯಿಂಟ್ ಆದಾಯ 1,60,000 ದಾಟಿದರೆ ಕಡಿಮೆಯಾಗುತ್ತಾ ಹೋಗಿ 1,80,000ಕ್ಕೆ ನಿಲ್ಲುತ್ತದೆ. ಒಂದು ಮಗುವಿಗೆ ನಾಲ್ಕು ವರ್ಷ ಮಾತ್ರ. 2026ರ ತೆರಿಗೆ ವರ್ಷದಿಂದ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕೇ ಬೇಕು, ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ಇಲ್ಲದವರ ತೆರಿಗೆ ನಂಬರ್) ಮೇಲೆ ಇರುವ ಎಚ್-4 ಮಕ್ಕಳ ಮನೆಯವರು ಗಮನಿಸಿ.

ಮೂರನೆಯದು ಇಬ್ಬರೂ ಟೆಕ್ ಕೆಲಸದ ಮನೆ. ಗ್ರಾಂಟ್ ಇಲ್ಲ, ಕ್ರೆಡಿಟ್ ಇಲ್ಲ. ಫೀಸು ಪುಸ್ತಕ 2,080, ಕಾರಿನ ಖರ್ಚು ಅದಕ್ಕಿಂತ ಜಾಸ್ತಿ. ಎರಡು ವರ್ಷದ ಪ್ರಾಮಿಸ್ ಯೋಜನೆ ಸಿಕ್ಕರೆ ಫೀಸೂ ಹೋಯಿತು. ಇವರ ನಿಜವಾದ ಖರ್ಚು ಕಾರು ಮತ್ತು ಕಾಲ.

ದುಡ್ಡು ಬರುವ ದಿನ, ವಾಪಸ್ ಹೋಗುವ ದಿನ

ಗ್ರಾಂಟ್ ದುಡ್ಡು ಕ್ಲಾಸ್ ಶುರುವಾದ ಮೇಲೆ ಬರುತ್ತದೆ, ಕೆಲವೊಮ್ಮೆ ವಾರಗಟ್ಟಲೆ ತಡ. ಪುಸ್ತಕ ಮೊದಲ ದಿನವೇ ಬೇಕು. ಮೊದಲ ತಿಂಗಳಿಗೆ ಐನೂರು, ಆರುನೂರು ಡಾಲರ್ ಕೈಯಲ್ಲಿರಲಿ. ಫೀಸು ಬಾಕಿ ಇದ್ದರೆ ಕೆಲವು ಕಾಲೇಜು ಕ್ಲಾಸಿನಿಂದಲೇ ಹೆಸರು ತೆಗೆಯುತ್ತವೆ.

ಸೆಮಿಸ್ಟರಿನ ಶೇ. 60 ಮುಗಿಯುವ ಮೊದಲು ಎಲ್ಲ ಕ್ಲಾಸ್ ಬಿಟ್ಟರೆ ಪೆಲ್‌ನ ಒಂದು ಭಾಗ ವಾಪಸ್ ಕೊಡಬೇಕಾಗುತ್ತದೆ. ಖರ್ಚು ಮಾಡಿ ಮುಗಿದ ದುಡ್ಡಿಗೆ ಬಿಲ್ ಬರುತ್ತದೆ, ಕಟ್ಟುವವರೆಗೂ ಮುಂದಿನ ಸೆಮಿಸ್ಟರಿಗೆ ತಡೆ. ಹಾಗೇ, ತೆಗೆದುಕೊಂಡ ಯೂನಿಟ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ ಪಾಸಾಗಿ 2.0 ಜಿಪಿಎ ಇಟ್ಟುಕೊಳ್ಳದಿದ್ದರೆ ಏಡ್ ನಿಲ್ಲುತ್ತದೆ. ಡಬ್ಲ್ಯೂ ಬಂದ, ಅಂದರೆ ನಡುವೆ ಬಿಟ್ಟ ಕ್ಲಾಸೂ ತೆಗೆದುಕೊಂಡದ್ದೇ ಅಂತ ಲೆಕ್ಕ.

ಒಂದು ವರ್ಷ ಜಾಸ್ತಿ ಆದರೆ

ಮೇಲಿನ ಉಳಿತಾಯವನ್ನೆಲ್ಲ ನುಂಗುವುದು ಮೂರನೇ ವರ್ಷ. ಎರಡು ವರ್ಷದಲ್ಲಿ ಟ್ರಾನ್ಸ್‌ಫರ್ ಆಗಬೇಕಿದ್ದ ಹುಡುಗ ತಪ್ಪು ಕ್ಯಾಲ್ಕುಲಸ್, ತಪ್ಪು ಫಿಸಿಕ್ಸ್ ತೆಗೆದುಕೊಂಡು ಕೂತರೆ ಆ ವರ್ಷದ ಕಾರು, ಪುಸ್ತಕ ಮಾತ್ರ ಅಲ್ಲ, ಒಂದು ವರ್ಷದ ಎಂಜಿನಿಯರ್ ಸಂಬಳವೂ ಹೋದ ಹಾಗೆ. ಪೆಲ್ ಕೂಡ ಜೀವನದಲ್ಲಿ ಒಟ್ಟು 12 ಸೆಮಿಸ್ಟರ್ ಮಾತ್ರ, ಇಲ್ಲಿ ಆರು ಕಳೆದರೆ ಯುನಿವರ್ಸಿಟಿಗೆ ಉಳಿಯುವುದು ಆರೇ.

ಮೊದಲ ಕ್ಲಾಸ್ ನೋಂದಾಯಿಸುವ ಮೊದಲೇ ಅಸಿಸ್ಟ್ ಅನ್ನುವ ರಾಜ್ಯದ ವೆಬ್‌ಸೈಟ್ ತೆಗೆದು ನಿಮ್ಮ ಕಾಲೇಜು, ಹೋಗಬೇಕಾದ ಯುಸಿ ಅಥವಾ ಕ್ಯಾಲ್ ಸ್ಟೇಟ್ (ರಾಜ್ಯದ ಇನ್ನೊಂದು ಯುನಿವರ್ಸಿಟಿ ಸಮೂಹ), ಮೇಜರ್ (ಮುಖ್ಯ ವಿಷಯ) ಮೂರೂ ಹಾಕಿ. ಯಾವ ಕ್ಲಾಸಿಗೆ ಯಾವ ಕ್ಲಾಸ್ ಸಮ ಅಂತ ತೋರಿಸುತ್ತದೆ. ಪಕ್ಕದ ಮನೆಯವರ ಮಗ ಎರಡು ವರ್ಷ ಹಿಂದೆ ಏನು ಓದಿದ ಅನ್ನುವುದನ್ನು ನಂಬಬೇಡಿ, ಜನರಲ್ ಎಜುಕೇಷನ್ (ಎಲ್ಲ ಮೇಜರ್‌ಗೂ ಬೇಕಾದ ಸಾಮಾನ್ಯ ಕ್ಲಾಸುಗಳ) ನಿಯಮವೇ 2025ರ ಫಾಲ್‌ನಿಂದ ಕ್ಯಾಲ್-ಗೆಟ್‌ಸಿ ಅಂತ ಬದಲಾಗಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಯುಸಿಗಳಿಗೆ ಟ್ಯಾಗ್ ಅನ್ನುವ ಪ್ರವೇಶದ ಖಾತರಿ ಇದೆ, ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ. ಎಲ್ಲ ಮೇಜರ್‌ಗೂ ಇಲ್ಲ, ಕಂಪ್ಯೂಟರ್ ಸೈನ್ಸ್ ಕಡೆ ಕಣ್ಣಿದ್ದರೆ ಕ್ಯಾಂಪಸ್ ಪಟ್ಟಿಯನ್ನು ಮೊದಲು ನೋಡಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿದ್ದರೆ ಈಗಲೇ ಸಂಜೆ ಒಂದೆರಡು ಕ್ಲಾಸ್ ತೆಗೆದುಕೊಳ್ಳಲಿ, ಪಾರ್ಟ್‌ಟೈಮ್ ಹೈಸ್ಕೂಲ್ ಮಕ್ಕಳಿಗೆ ಬಹುತೇಕ ಕಡೆ ಯೂನಿಟ್ ಫೀಸು ಇರುವುದಿಲ್ಲ.

ಕೊನೆಗೆ ಲೇಆಫ್ ವಿಷಯ. 2024ರಲ್ಲಿ ಇಬ್ಬರಿಗೂ ಸಂಬಳ ಇತ್ತು, ಈಗ ಒಬ್ಬರ ಕೆಲಸ ಹೋಗಿದೆ, ಆದರೆ ಫ್ಯಾಫ್ಸಾ ನೋಡುವುದು ಹಳೇ ಆದಾಯವನ್ನೇ. ಆಗ ಸುಮ್ಮನಿರಬೇಡಿ. ಕಾಲೇಜಿನ ಏಡ್ ಆಫೀಸಿಗೆ ಬರೆದು ಪ್ರೊಫೆಷನಲ್ ಜಡ್ಜ್‌ಮೆಂಟ್ ರಿವ್ಯೂ ಬೇಕು ಅಂತ ಈ ಪದವನ್ನೇ ಬಳಸಿ ಕೇಳಿ. ಕೆಲಸ ಹೋದ ಪತ್ರ, ಕೊನೆಯ ಪೇ ಸ್ಟಬ್, ನಿರುದ್ಯೋಗ ಭತ್ಯೆಯ ಕಾಗದ ಜೊತೆಗಿಡಿ. ಒಪ್ಪುವುದು ಬಿಡುವುದು ಆ ಆಫೀಸಿನ ಕೈಯಲ್ಲಿದೆ. ಒಪ್ಪಿದರೆ ಈಗಿನ ಆದಾಯ ಹಿಡಿದು ಎಸ್‌ಎಐ ಹೊಸದಾಗಿ ಲೆಕ್ಕ ಹಾಕುತ್ತಾರೆ. ಮುಂದೆ ಯುನಿವರ್ಸಿಟಿಗೆ ಹೋದಾಗ ಇದನ್ನು ಅಲ್ಲಿ ಮತ್ತೆ ಮೊದಲಿನಿಂದ ಕೇಳಬೇಕು, ಒಂದು ಕಾಲೇಜಿನ ತೀರ್ಮಾನ ಇನ್ನೊಂದಕ್ಕೆ ನಡೆಯುವುದಿಲ್ಲ.